ಚೈನ್ ಟೈಟ್ ಮಾಡಿಸೋ ಮುಂಚೆ ಟೇಪ್ ಹಿಡಿಯಿರಿ

ಬೈಕಿನ ಚೈನ್ ಸದ್ದು ಮಾಡ್ತಿದೆ ಅಂತ ಗ್ಯಾರೇಜಿಗೆ ಹೋದರೆ ಬಹುತೇಕ ಕಡೆ ಸಿಗೋ ಉತ್ತರ ಒಂದೇ: "ಲೂಸ್ ಆಗಿದೆ ಸಾರ್, ಟೈಟ್ ಮಾಡಿಬಿಡ್ತೀನಿ." ಐದು ನಿಮಿಷದ ಕೆಲಸ. ಸದ್ದು ನಿಲ್ಲುತ್ತೆ. ಹದಿನೈದು ದಿನ ಕಳೆದ ಮೇಲೆ ಮತ್ತೆ ಅದೇ ಸದ್ದು, ಮತ್ತೆ ಅದೇ ಸ್ಪ್ಯಾನರ್. ಹೀಗೆ ನಾಲ್ಕೈದು ಸಲ ಆದಮೇಲೆ ಅಡ್ಜಸ್ಟರ್, ಅಂದರೆ ಹಿಂದಿನ ಚಕ್ರವನ್ನು ಹಿಂದಕ್ಕೆ ಸರಿಸೋ ಬೋಲ್ಟು, ಕೊನೆ ಮುಟ್ಟುತ್ತೆ. ಆಗ "ಒಂದು ಕೊಂಡಿ ತೆಗೆದು ಹಾಕೋಣ" ಅನ್ನೋ ಸಲಹೆ ಬರುತ್ತೆ. ಕೊಂಡಿ ತೆಗೆದ ಚೈನ್ ಹಳೇ ಸ್ಪ್ರಾಕೆಟ್ಟಿನ (ಚೈನ್ ಕೂರೋ ಹಲ್ಲಿನ ಚಕ್ರ) ಹಲ್ಲುಗಳನ್ನು ಪೂರ್ತಿ ತಿಂದು ಹಾಕುತ್ತೆ.

ಚೈನ್ ಸಡಿಲ ಆಗೋದು ಜ್ವರದ ಹಾಗೆ, ಕಾಯಿಲೆ ಬೇರೆ ಎಲ್ಲೋ ಇರುತ್ತೆ. ಸಡಿಲ ಯಾಕಾಯ್ತು, ಎಷ್ಟು ವೇಗವಾಗಿ ಆಯ್ತು ಅಂತ ತಿಳಿಯದೆ ಟೈಟ್ ಮಾಡೋದರಲ್ಲಿ ಅರ್ಥ ಇಲ್ಲ. ತಿಳಿಯೋದಕ್ಕೆ ಬೇಕಾಗಿರೋದು ಒಂದು ಸ್ಟೀಲ್ ಟೇಪು, ಒಂದು ಟಾರ್ಚು, ಅರ್ಧ ಗಂಟೆ.

ಉದ್ದ ಆಗೋದು ಏನು?

ಚೈನ್ "ಹಿಗ್ಗುತ್ತೆ" ಅಂತ ಎಲ್ಲರೂ ಹೇಳ್ತೀವಿ. ನಿಜದಲ್ಲಿ ಪಟ್ಟಿಗಳು ರಬ್ಬರಿನ ಹಾಗೆ ಎಳೆದುಕೊಳ್ಳೋದಿಲ್ಲ. ಪ್ರತಿ ಕೀಲಿನಲ್ಲೂ ಒಂದು ಪಿನ್ನು, ಅದರ ಸುತ್ತ ಒಂದು ಬುಶ್ಶು, ಬುಶ್ಶಿನ ಮೇಲೆ ಉರುಳೋ ರೋಲರ್ ಇರುತ್ತೆ. ಚೈನ್ ಸ್ಪ್ರಾಕೆಟ್ ಹತ್ತುವಾಗ, ಇಳಿಯುವಾಗ ಪಿನ್ನು ಬುಶ್ಶಿನೊಳಗೆ ತಿರುಗಿ ಉಜ್ಜುತ್ತೆ. ಸವೆಯೋದು ಅಲ್ಲಿ, ಹೊರಗಿನಿಂದ ಕಣ್ಣಿಗೆ ಕಾಣದ ಜಾಗದಲ್ಲಿ.

116 ಕೊಂಡಿಯ ಒಂದು 428 ಚೈನ್ ತಗೊಳ್ಳಿ (428 ಅನ್ನೋದು ಚೈನಿನ ಅಳತೆ ನಂಬರ್, ಅದರ ಅರ್ಥ ಮುಂದೆ ಇದೆ). ಪಿನ್ನು, ಬುಶ್ಶು ಎರಡೂ ಸೇರಿ ಪ್ರತಿ ಕೀಲಿನಲ್ಲಿ 0.1 ಮಿ.ಮೀ. ಸವೆದರೆ, ಅಂದರೆ ಒಂದು ಕಾಗದದ ಹಾಳೆಯಷ್ಟು, ಇಡೀ ಚೈನ್ 11.6 ಮಿ.ಮೀ. ಉದ್ದ ಆಗುತ್ತೆ. ಪಿನ್ನಿನ ಮೇಲಿನ ಗಟ್ಟಿ ಮಾಡಿದ ಪದರ ತೆಳು. ಅದು ಹೋದಮೇಲೆ ಒಳಗಿನ ಮೆತ್ತನೆ ಉಕ್ಕು ಬಹಳ ಬೇಗ ಸವೆಯುತ್ತೆ. ಚೈನ್ "ಇದ್ದಕ್ಕಿದ್ದ ಹಾಗೆ" ಕೆಡೋದು ಹೀಗೆ: ಹದಿನೈದು ಸಾವಿರ ಕಿಲೋಮೀಟರ್ ಸುಮ್ಮನಿದ್ದು, ಮುಂದಿನ ಎರಡು ಸಾವಿರದಲ್ಲಿ ನಾಲ್ಕು ಸಲ ಟೈಟ್ ಕೇಳುತ್ತೆ. ಎಷ್ಟು ಸಡಿಲ ಇದೆ ಅನ್ನೋದಕ್ಕಿಂತ ಎಷ್ಟು ಸಲ ಟೈಟ್ ಮಾಡಬೇಕಾಯ್ತು ಅನ್ನೋದೇ ಒಳ್ಳೆ ಸುಳಿವು.

ಒಂದು ಕೊಂಡಿ ತೆಗೆಯೋದು ಯಾಕೆ ತಪ್ಪು ಅಂತ ಈಗ ಗೊತ್ತಾಗುತ್ತೆ. ಮೊದಲಿಗೆ, ತೆಗೆಯೋದು ಯಾವತ್ತೂ ಜೋಡಿಯೇ, ಒಳಗಿನದೊಂದು ಹೊರಗಿನದೊಂದು, ಅಂದರೆ 25.4 ಮಿ.ಮೀ. ಒಟ್ಟು ಉದ್ದ ಕಡಿಮೆ ಆಯ್ತು ನಿಜ. ಆದರೆ ಉಳಿದ ಪ್ರತಿ ಕೀಲಿನ ಸವೆತ ಅಲ್ಲೇ ಇದೆ. ಸ್ಪ್ರಾಕೆಟ್ಟಿನ ಹಲ್ಲುಗಳ ನಡುವಿನ ಅಂತರ ಒಂದು, ಚೈನ್ ಕೊಂಡಿಗಳ ಅಂತರ ಇನ್ನೊಂದು. ಗಿಡ್ಡ ಮಾಡಿದರೆ ಆ ಅಂತರ ಸರಿಹೋಗೋದಿಲ್ಲ.

ಅಳತೆ

ಮೊದಲು ಚೈನ್ ಪಟ್ಟಿಯ ಮೇಲಿನ ನಂಬರ್ ಓದಿ. ಸ್ಪ್ಲೆಂಡರ್, ಪಲ್ಸರ್ 150ರಂಥ ಗಾಡಿಗಳಲ್ಲಿ 428 ಅಥವಾ 428 ಎಚ್ ಇರುತ್ತೆ. ಕೆಟಿಎಂ ಡ್ಯೂಕ್‌ನಂಥವಕ್ಕೆ 520, ಇನ್ನೂ ದೊಡ್ಡ ಕೆಲವು ಗಾಡಿಗಳಿಗೆ 525. ಮೊದಲ ಅಂಕಿ ಪಿಚ್, ಅಂದರೆ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರೋ ದೂರ, ಹೇಳುತ್ತೆ, ಇಂಚಿನ ಎಂಟನೇ ಒಂದು ಭಾಗದ ಲೆಕ್ಕದಲ್ಲಿ: 4 ಅಂದರೆ ಅರ್ಧ ಇಂಚು, 12.7 ಮಿ.ಮೀ.; 5 ಅಂದರೆ 15.875 ಮಿ.ಮೀ. ಕೊನೆಯ ಎರಡು ಅಂಕಿ ಅಗಲಕ್ಕೆ ಸಂಬಂಧಿಸಿದ್ದು. ಹಾಗಾಗಿ 520, 525, 530 ಮೂರಕ್ಕೂ ಪಿಚ್ ಒಂದೇ, ಅಳತೆಯೂ ಒಂದೇ. ಎಚ್ ಅಂದರೆ ದಪ್ಪ ಪಟ್ಟಿ.

ಗಾಡಿ ಸೆಂಟರ್ ಸ್ಟ್ಯಾಂಡ್ ಮೇಲೆ, ಇಂಜಿನ್ ಆಫ್, ಕೀ ಜೇಬಿನಲ್ಲಿ. ಮೊದಲನೇ ಗೇರ್ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ಮುಂದಕ್ಕೆ, ಗಾಡಿ ಓಡೋ ದಿಕ್ಕಿಗೆ, ಒತ್ತಿ ಹಿಡಿದರೆ ಕೆಳಗಿನ ಚೈನ್ ಬಿಗಿಯಾಗುತ್ತೆ. ಒಬ್ಬರು ಹಿಡಿದುಕೊಳ್ಳಲಿ, ಇನ್ನೊಬ್ಬರು ಅಳೆಯಲಿ. ಒಂದು ಪಿನ್ನಿನ ಎಡ ಅಂಚಿಗೆ ಟೇಪಿನ 10 ಸೆಂ.ಮೀ. ಗೆರೆ ಹೊಂದಿಸಿ, ಟೇಪಿನ ತುದಿಯ ಕೊಕ್ಕೆ ಅಲ್ಲಾಡುತ್ತೆ, ಅದನ್ನು ನಂಬಬೇಡಿ. ಅಲ್ಲಿಂದ 20 ಪಿಚ್ ಎಣಿಸಿ, 21ನೇ ಪಿನ್ನಿನ ಎಡ ಅಂಚು ಎಲ್ಲಿದೆ ನೋಡಿ, ಬಂದ ಅಂಕಿಯಿಂದ ಆ 10 ಸೆಂ.ಮೀ. ಕಳೆಯಿರಿ. ಪಿನ್ನಿನ ನಡುಮಧ್ಯ ಕಣ್ಣಂದಾಜಿನಲ್ಲಿ ಹಿಡಿಯೋದು ಕಷ್ಟ, ಅಂಚಿನಿಂದ ಅಂಚಿಗೆ ಸುಲಭ.

ಬೆಸ ಸಂಖ್ಯೆ ಎಣಿಸಬೇಡಿ. ಹೊರಪಟ್ಟಿಯ ಎರಡು ಪಿನ್ನುಗಳ ನಡುವಿನ ದೂರ ಸವೆದರೂ ಬದಲಾಗೋದಿಲ್ಲ, ಅವು ಪಟ್ಟಿಗೆ ಬಿಗಿಯಾಗಿ ಕೂತಿರುತ್ತವೆ. ಉದ್ದ ಆಗೋದು ಒಳಕೊಂಡಿ ದಾಟಿ ಹೋಗೋ ದೂರ ಮಾತ್ರ. ಸಮಸಂಖ್ಯೆ ಹಿಡಿದರೆ ಎರಡೂ ಸಮನಾಗಿ ಲೆಕ್ಕಕ್ಕೆ ಬರುತ್ತವೆ.

428ಕ್ಕೆ ಹೊಸದರಲ್ಲಿ 20 ಪಿಚ್ ಅಂದರೆ 254 ಮಿ.ಮೀ. 256.5 ಆಗಿದ್ದರೆ ಶೇ. 1 ಸವೆದಿದೆ, ಹೊಸ ಚೈನ್-ಸ್ಪ್ರಾಕೆಟ್ ಕಿಟ್‌ಗೆ ದುಡ್ಡು ಎತ್ತಿಡಿ. 259 ಆಗಿದ್ದರೆ ಶೇ. 2, ಆ ಚೈನ್ ಮೇಲೆ ಘಾಟಿ ಇಳಿಯೋ ಧೈರ್ಯ ಬೇಡ. 520, 525ಕ್ಕೆ ಹೊಸದು 317.5, ಶೇ. 1 ಅಂದರೆ 320.7. ಓ-ರಿಂಗ್ ಚೈನ್ (ಕೀಲಿನೊಳಗಿನ ಗ್ರೀಸ್ ಹೊರಗೆ ಹೋಗದ ಹಾಗೆ ಪಟ್ಟಿಗಳ ನಡುವೆ ರಬ್ಬರ್ ರಿಂಗ್ ಇರೋದು) ಆದರೆ ನನ್ನ ಮಟ್ಟಿಗೆ ಶೇ. 1ಕ್ಕೇ ಆಟ ಮುಗೀತು: ಒಳಗಿನ ಗ್ರೀಸ್ ಇದ್ದಷ್ಟು ದಿನ ಅದು ಅಷ್ಟು ಸವೆಯೋದಿಲ್ಲ, ಸವೆದಿದೆ ಅಂದರೆ ಗ್ರೀಸ್ ಹೋಗಿದೆ. ನಿಮ್ಮ ಗಾಡಿಯ ಮ್ಯಾನ್ಯುಯಲ್ ಇದಕ್ಕಿಂತ ಕಡಿಮೆ ಮಿತಿ ಕೊಟ್ಟಿದ್ದರೆ ಅದೇ ಕೊನೆ ಮಾತು.

ಒಂದೇ ಕಡೆ ಅಳೆದು ಬಿಡಬೇಡಿ. ಚಕ್ರ ತಿರುಗಿಸಿ ಮೂರು ಜಾಗದಲ್ಲಿ ಅಳೆಯಿರಿ. ಒಂದು ಕಡೆ 255, ಇನ್ನೊಂದು ಕಡೆ 258 ಬಂದರೆ ಚೈನ್ ಒಂದೇ ಸಮ ಸವೆದಿಲ್ಲ. ಅಂಥ ಚೈನನ್ನು ಸರಿಯಾಗಿ ಟೈಟ್ ಮಾಡೋಕೆ ಸಾಧ್ಯವೇ ಇಲ್ಲ. ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ತಂತಿಯಂತೆ ಬಿಗಿಯುತ್ತೆ ಅಥವಾ ಜೋತಾಡುತ್ತೆ.

ಸ್ಪ್ರಾಕೆಟ್ ಏನು ಹೇಳುತ್ತೆ

ಹಿಂದಿನ ಸ್ಪ್ರಾಕೆಟ್ಟಿನ ಹಿಂಬದಿಯಲ್ಲಿ, ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಮೂರು ಗಂಟೆ ಜಾಗದಲ್ಲಿ, ಚೈನನ್ನು ಎರಡು ಬೆರಳಿನಿಂದ ಹಿಂದಕ್ಕೆ ಎಳೆಯಿರಿ. ಒಳ್ಳೆ ಚೈನ್ ಹಲ್ಲು ಬಿಟ್ಟು ಅಲ್ಲಾಡೋದಿಲ್ಲ. ಹಲ್ಲಿನ ಅರ್ಧ ಎತ್ತರ ಕಂಡರೆ ಸಾಕು, ಬೇರೆ ಪರೀಕ್ಷೆ ಬೇಡ. ಟೇಪ್ ಇಲ್ಲದೆ ಸೆಕೆಂಡ್ ಹ್ಯಾಂಡ್ ಗಾಡಿ ನೋಡೋಕೆ ಹೋದಾಗ ಇದೊಂದೇ ಸಾಕಾಗುತ್ತೆ.

ಹಲ್ಲಿನ ಆಕಾರ ನೋಡಿ. ಹೊಸದರಲ್ಲಿ ಎರಡೂ ಕಡೆ ಒಂದೇ ಇಳಿಜಾರು, ತುದಿ ಮೊಂಡ. ಸವೆದಾಗ ಕುಡುಗೋಲಿನಂತೆ ಒಂದೇ ಕಡೆ ಬಾಗಿ ತುದಿ ಚೂಪಾಗುತ್ತೆ. ಹಲ್ಲಿನ ಪಕ್ಕದ ಮೈ ಒಂದೇ ಬದಿ ಹೊಳೀತಿದ್ದರೆ, ಚೈನಿನ ಒಳಪಟ್ಟಿಯೂ ಅದೇ ಬದಿ ಹೊಳೀತಿದ್ದರೆ, ಚಕ್ರ ಸೊಟ್ಟ ಕೂತಿದೆ.

ಮುಂದಿನ ಸ್ಪ್ರಾಕೆಟ್ ಕವರ್ ತೆಗೆದು ನೋಡದೆ ತೀರ್ಮಾನಕ್ಕೆ ಬರಬೇಡಿ. ಹಿಂದಿನದು ಒಂದು ಸುತ್ತು ಹೊಡೆಯೋಷ್ಟರಲ್ಲಿ ಮುಂದಿನದು ಸುಮಾರು ಮೂರು ಸುತ್ತು ಹೊಡೆದಿರುತ್ತೆ, ಮೊದಲು ಸಾಯೋದು ಅದೇ. ಕವರಿನೊಳಗೆ ಎಣ್ಣೆ, ಮಣ್ಣು ಸೇರಿ ಹೂರಣದ ಹಾಗೆ ಗಟ್ಟಿ ಕೂತಿರುತ್ತೆ. ಸ್ಕ್ರೂಡ್ರೈವರಿನಿಂದ ಕೆರೆದು ತೆಗೆಯಿರಿ. ತೆಗೆದಮೇಲೆ ಮೂರು ವಿಷಯ ನೋಡಿ: ಲಾಕ್ ಪ್ಲೇಟಿನ ಬೋಲ್ಟುಗಳು ಬಿಗಿ ಇವೆಯೇ, ಸ್ಪ್ರಾಕೆಟ್ ಶಾಫ್ಟಿನ ಮೇಲೆ ಹಿಂದೆ ಮುಂದೆ ಲೊಡಲೊಡ ಅನ್ನುತ್ತದೆಯೇ, ಹಿಂಬದಿಯ ಆಯಿಲ್ ಸೀಲ್‌ನಿಂದ ಇಂಜಿನ್ ಆಯಿಲ್ ಒಸರುತ್ತಿದೆಯೇ. ಒಸರುತ್ತಿದ್ದರೆ ಚೈನ್ ವಿಪರೀತ ಬಿಗಿ ಇಟ್ಟು ಓಡಿಸಿರೋ ಸಾಧ್ಯತೆ ಇದೆ.

ಇಲ್ಲೊಂದು ಸಣ್ಣ ಕುತೂಹಲ. ಚೈನಿನ ಕೊಂಡಿಗಳು ಯಾವಾಗಲೂ ಸಮಸಂಖ್ಯೆ. ಮುಂದಿನ ಸ್ಪ್ರಾಕೆಟ್ಟಿಗೆ 14 ಹಲ್ಲಿದ್ದರೆ ಪ್ರತಿ ಹಲ್ಲಿಗೂ ಯಾವಾಗಲೂ ಒಂದೇ ಜಾತಿಯ ರೋಲರ್ ಎದುರಾಗುತ್ತೆ. 15 ಇದ್ದರೆ ಸರದಿ ಬದಲಾಗಿ ಸವೆತ ಎಲ್ಲ ಹಲ್ಲಿಗೂ ಹಂಚಿಹೋಗುತ್ತೆ. 14 ಹಲ್ಲಿನ ಹಳೇ ಸ್ಪ್ರಾಕೆಟ್ಟಿನಲ್ಲಿ ಒಂದು ಬಿಟ್ಟು ಒಂದು ಹಲ್ಲು ಹೆಚ್ಚು ಸವೆದಿದ್ದರೆ ಗಾಬರಿ ಬೇಡ, ಕಾರಣ ಇದು.

ಸಡಿಲ ಎಷ್ಟಿರಬೇಕು

ಬಿಗಿ ಇದ್ದಷ್ಟೂ ಒಳ್ಳೇದು ಅನ್ನೋ ನಂಬಿಕೆ ತಪ್ಪು. ಸಡಿಲ ಚೈನ್ ಹಲ್ಲು ಹಾರುತ್ತೆ, ಕಳಚಿ ಚಕ್ರಕ್ಕೆ ಸುತ್ತಿಕೊಂಡು ಬೀಳಿಸಲೂಬಹುದು, ನಿಜ. ಆದರೆ ಸದ್ದು ಮಾಡಿ ಮೊದಲೇ ಎಚ್ಚರಿಸುತ್ತೆ. ಬಿಗಿ ಚೈನ್ ಸದ್ದಿಲ್ಲದೆ ಗೇರ್‌ಬಾಕ್ಸಿನ ಔಟ್‌ಪುಟ್ ಬೇರಿಂಗ್, ಹಿಂದಿನ ಹಬ್ ಬೇರಿಂಗ್, ಆಯಿಲ್ ಸೀಲ್ ಎಲ್ಲವನ್ನೂ ತಿನ್ನುತ್ತೆ. ಗೇರ್‌ಬಾಕ್ಸಿನ ಆ ಬೇರಿಂಗ್ ಹಾಕಿಸೋದಕ್ಕೆ ಇಂಜಿನ್ ಬಿಚ್ಚಬೇಕು.

ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರೋ ತೋಳು) ಆಡೋ ಕೀಲು ಅಂದರೆ ಪಿವಟ್, ಮುಂದಿನ ಸ್ಪ್ರಾಕೆಟ್, ಹಿಂದಿನ ಆಕ್ಸೆಲ್, ಈ ಮೂರೂ ಒಂದೇ ನೇರಕ್ಕೆ ಬಂದಾಗ ಎರಡು ಸ್ಪ್ರಾಕೆಟ್ಟುಗಳ ಅಂತರ ಅತಿ ಹೆಚ್ಚು. ಖಾಲಿ ಗಾಡಿಯಲ್ಲಿ ಆಕ್ಸೆಲ್ ಕೆಳಗೆ ಜೋತಿರುತ್ತೆ. ಹಿಂದೆ ಒಬ್ಬರು ಕೂತು, ನಡುವೆ ಅಕ್ಕಿ ಮೂಟೆ ಇಟ್ಟು ಹಂಪ್ ಹಾರಿಸಿದಾಗ ಅದು ಮೇಲೆ ಬಂದು ನೇರ ಆಗುತ್ತೆ, ಚೈನ್ ಬಿಗಿಯುತ್ತೆ. ಸ್ಟ್ಯಾಂಡ್ ಮೇಲೆ ಇಟ್ಟಾಗ ಕಾಣೋ ಸಡಿಲ ಆ ಹೊತ್ತಿಗೆ ಕೂಡಿಟ್ಟಿರೋದು.

ಸಾಮಾನ್ಯ ಕಮ್ಯೂಟರ್ ಗಾಡಿಗೆ ಕೆಳಗಿನ ಚೈನಿನ ನಡುವೆ ಮೇಲೆ ಕೆಳಗೆ ಒಟ್ಟು 20ರಿಂದ 30 ಮಿ.ಮೀ. ಹಿಂದಿನ ಶಾಕ್ ಉದ್ದ ಇರೋ ಗಾಡಿಗಳಿಗೆ ಇನ್ನೂ ಹೆಚ್ಚು ಬೇಕು. ಸ್ವಿಂಗ್ ಆರ್ಮ್ ಮೇಲಿನ ಸ್ಟಿಕ್ಕರ್ ಅಥವಾ ಮ್ಯಾನ್ಯುಯಲ್ ನೋಡಿ, ಜೊತೆಗೆ ಅದು ಸೈಡ್ ಸ್ಟ್ಯಾಂಡಿನಲ್ಲಿ ಅಳೆಯೋದೋ ಸೆಂಟರ್ ಸ್ಟ್ಯಾಂಡಿನಲ್ಲೋ ಅಂತಲೂ ನೋಡಿ. ಚಕ್ರ ನೇತಾಡುವಾಗ ಬರೋ ಅಂಕಿ ಬೇರೆ, ನೆಲಕ್ಕೂರಿದಾಗ ಬರೋ ಅಂಕಿ ಬೇರೆ. ಗಾಡಿಗೆ ಆಮೇಲೆ ಉದ್ದದ ಶಾಕ್ ಹಾಕಿಸಿದ್ದರೆ ಮ್ಯಾನ್ಯುಯಲ್ ಅಂಕಿ ಲೆಕ್ಕಕ್ಕಿಲ್ಲ: ಇಬ್ಬರನ್ನು ಕೂರಿಸಿ ಮೂರನೆಯವರು ಚೈನ್ ಒತ್ತಿ ನೋಡಬೇಕು, ಆಗಲೂ ಒಂದು ಸೆಂಟಿಮೀಟರ್ ಆದರೂ ಆಡಬೇಕು.

ಅಳೆಯೋ ಮುಂಚೆ ನ್ಯೂಟ್ರಲ್ ಹಾಕಿ ಚಕ್ರ ನಿಧಾನ ತಿರುಗಿಸಿ, ಚೈನ್ ಅತಿ ಬಿಗಿ ಇರೋ ಜಾಗ ಹುಡುಕಿ. ಅಲ್ಲಿ ಒಂದು ಹೊರಪಟ್ಟಿಗೆ ಬಿಳಿ ಪೇಂಟ್ ಚುಕ್ಕೆ ಇಡಿ. ಟೈಟ್ ಮಾಡೋದು ಆ ಜಾಗದ ಲೆಕ್ಕದಲ್ಲೇ.

ಸ್ಪ್ಯಾನರ್ ಕೆಲಸ

ಆಕ್ಸೆಲ್ ನಟ್ ಸಡಿಲಿಸಿ. ಕಾಟರ್ ಪಿನ್ (ನಟ್ ಬಿಚ್ಚಿಕೊಳ್ಳದ ಹಾಗೆ ಹಾಕಿರೋ ತಂತಿ ಪಿನ್) ಇದ್ದರೆ ತೆಗೆದು ಎಸೆಯಿರಿ, ಹೊಸದು ಹಾಕಿ. ಡ್ರಮ್ ಬ್ರೇಕ್ ಗಾಡಿಯಲ್ಲಿ ಇಷ್ಟಕ್ಕೇ ಆಗೋದಿಲ್ಲ. ಎಡಬದಿಯಲ್ಲಿ ಸ್ಪ್ರಾಕೆಟ್ ಹಬ್ ಹಿಡಿದಿರೋ ದೊಡ್ಡ ಸ್ಲೀವ್ ನಟ್ ಒಂದಿರುತ್ತೆ, ಅದನ್ನೂ ಸಡಿಲಿಸಬೇಕು. ಬ್ರೇಕ್ ರಾಡ್ ನಟ್, ಬ್ರೇಕ್ ಪ್ಲೇಟ್ ತಿರುಗದ ಹಾಗೆ ಹಿಡಿಯೋ ಟಾರ್ಕ್ ರಾಡ್ ನಟ್ ಕೂಡ. ಸ್ಲೀವ್ ನಟ್ ಮರೆತು ಅಡ್ಜಸ್ಟರ್ ತಿರುಗಿಸಿದರೆ ಬಲಗಡೆ ಹಿಂದಕ್ಕೆ ಹೋಗಿ ಎಡಗಡೆ ಅಲ್ಲೇ ನಿಲ್ಲುತ್ತೆ. ಚಕ್ರ ಸೊಟ್ಟ ಆಗೋದಕ್ಕೆ ರಸ್ತೆಬದಿ ಗ್ಯಾರೇಜುಗಳಲ್ಲಿ ಇದೇ ದೊಡ್ಡ ಕಾರಣ.

ಅಡ್ಜಸ್ಟರ್ ಎರಡೂ ಕಡೆ ಕಾಲು ಸುತ್ತು, ಕಾಲು ಸುತ್ತು ಅಂತ ಸಮನಾಗಿ ತಿರುಗಿಸಿ. ಅವಸರ ಯಾಕೆ ಬೇಡ ಅಂದರೆ, 8 ಮಿ.ಮೀ. ಬೋಲ್ಟಿನ ಥ್ರೆಡ್ ಅಂತರ ಸಾಮಾನ್ಯವಾಗಿ 1.25 ಮಿ.ಮೀ. ಕೆಳಗಿನ ಚೈನ್ 600 ಮಿ.ಮೀ. ಆಸುಪಾಸು ಇರೋ ಗಾಡಿಯಲ್ಲಿ ಸಡಿಲವನ್ನು 50ರಿಂದ 30 ಮಿ.ಮೀ.ಗೆ ಇಳಿಸೋದಕ್ಕೆ ಆಕ್ಸೆಲ್ ಹಿಂದೆ ಹೋಗಬೇಕಾದ್ದು ಮುಕ್ಕಾಲು ಮಿಲಿಮೀಟರಿಗಿಂತ ಕಡಿಮೆ, ಅಂದರೆ ಹತ್ತಿರ ಹತ್ತಿರ ಅರ್ಧ ಸುತ್ತು. ಒಂದಿಡೀ ಸುತ್ತು ತಿರುಗಿಸಿದಿರೋ, ಚೈನ್ ತಂತಿ ಆಗಿಬಿಡುತ್ತೆ.

ಇದೇ ಲೆಕ್ಕ ತಿರುಗಿಸಿದರೆ ಸವೆತದ ಮೀಟರ್ ಸಿಗುತ್ತೆ. 116 ಕೊಂಡಿಯ 428 ಚೈನಿನ ಪೂರ್ತಿ ಉದ್ದ 1473 ಮಿ.ಮೀ. ಶೇ. 1 ಅಂದರೆ 14.7. ಮೇಲಿನ ಕೆಳಗಿನ ಎರಡೂ ಸಾಲಿಗೆ ಹಂಚಿಹೋಗೋದರಿಂದ ಆಕ್ಸೆಲ್ ಹಿಂದೆ ಹೋಗೋದು 7.4, ಸರಿಸುಮಾರು ಆರು ಸುತ್ತು. ಹೊಸ ಚೈನ್ ಹಾಕಿ ಮೊದಲ ಸಲ ಟೈಟ್ ಮಾಡಿದ ದಿನ ಆಕ್ಸೆಲ್ ಸ್ವಿಂಗ್ ಆರ್ಮ್ ಮೇಲಿನ ಯಾವ ಗೆರೆಯಲ್ಲಿದೆ ಅಂತ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಅಲ್ಲಿಂದ ಒಟ್ಟು ಆರು ಸುತ್ತು ತಿರುಗಿಸಿದ್ದೀರಿ ಅಂದರೆ ಟೇಪ್ ಹಿಡಿಯೋ ಮುಂಚೆಯೇ ಉತ್ತರ ಗೊತ್ತು.

ಸ್ವಿಂಗ್ ಆರ್ಮ್ ಮೇಲಿನ ಗೆರೆಗಳನ್ನು ಕಣ್ಣುಮುಚ್ಚಿ ನಂಬಬೇಡಿ, ಒಮ್ಮೊಮ್ಮೆ ಎರಡು ಕಡೆಯವು ಒಂದಕ್ಕೊಂದು ಹೊಂದೋದಿಲ್ಲ. ಪಿವಟ್ ಬೋಲ್ಟಿನ ನಡುವಿನಿಂದ ಆಕ್ಸೆಲ್ ನಡುವಿಗೆ ಎರಡೂ ಬದಿ ಟೇಪಿನಿಂದ ಅಳೆಯಿರಿ, ವ್ಯತ್ಯಾಸ 1 ಮಿ.ಮೀ. ಒಳಗಿರಲಿ. ಆಮೇಲೆ ಹಿಂದಿನಿಂದ ಕೂತು ಮೇಲಿನ ಚೈನಿನ ಸಾಲನ್ನು ಒಂದು ಕಣ್ಣಿನಲ್ಲಿ ನೋಡಿ: ಸ್ಪ್ರಾಕೆಟ್ಟಿನಿಂದ ಹೊರಟ ಸಾಲು ಬಾಣದಂತೆ ಇರಬೇಕು, ಎಡಕ್ಕೋ ಬಲಕ್ಕೋ ಮುರಿಯಬಾರದು.

ನಟ್ ಬಿಗಿಯುವಾಗ ಆಕ್ಸೆಲ್ ಇನ್ನಷ್ಟು ಹಿಂದೆ ಸರಿಯೋದುಂಟು. ಅದಕ್ಕೆ ಒಂದು ಬಟ್ಟೆ ಮಡಚಿ ಕೆಳಗಿನ ಚೈನಿಗೂ ಹಿಂದಿನ ಸ್ಪ್ರಾಕೆಟ್ಟಿಗೂ ನಡುವೆ ಇಟ್ಟು, ಚಕ್ರ ಕೈಯಿಂದ ಮುಂದಕ್ಕೆ ಸ್ವಲ್ಪ ತಿರುಗಿಸಿ ಕಚ್ಚಿಸಿ. ಆಕ್ಸೆಲ್ ಮುಂದಕ್ಕೆ ಎಳೆದು ಅಡ್ಜಸ್ಟರಿಗೆ ಆತುಕೊಳ್ಳುತ್ತೆ. ಆಗ ನಟ್ ಬಿಗಿದು, ಬಟ್ಟೆ ತೆಗೆದು, ಸಡಿಲ ಮತ್ತೊಮ್ಮೆ ಅಳೆಯಿರಿ. ಈ ಎರಡನೇ ಅಳತೆ ಬಿಡೋರೇ ಹೆಚ್ಚು. ಕೊನೆಗೆ ಅಡ್ಜಸ್ಟರ್ ಲಾಕ್ ನಟ್, ಟಾರ್ಕ್ ರಾಡ್ ನಟ್ಟು. ಡ್ರಮ್ ಬ್ರೇಕಾದರೆ ಪೆಡಲ್ ಆಟ 20ರಿಂದ 30 ಮಿ.ಮೀ.ಗೆ ತಂದು, ಬ್ರೇಕ್ ಲೈಟ್ ಉರಿಯುತ್ತಾ ಅಂತ ನೋಡಿ; ಚಕ್ರ ಹಿಂದೆ ಹೋದರೆ ಇವೆರಡೂ ಬದಲಾಗಿರುತ್ತವೆ.

ತೊಳೆಯೋದು, ಎಣ್ಣೆ

ಮೊದಲೇ ಹೇಳಿಬಿಡ್ತೀನಿ: ಇಂಜಿನ್ ಸ್ಟಾರ್ಟ್ ಮಾಡಿ ಗೇರ್ ಹಾಕಿ, ಓಡೋ ಚೈನಿಗೆ ಬಟ್ಟೆ ಹಿಡಿದು ಒರೆಸೋದು ಯೂಟ್ಯೂಬಿನಲ್ಲಿ ಸಲೀಸಾಗಿ ಕಾಣುತ್ತೆ. ಬಟ್ಟೆ ಒಂದೆಳೆ ಸಿಕ್ಕಿಕೊಂಡರೆ ಬೆರಳು ಹೊರಗೆ ಬರೋದಿಲ್ಲ. ಚಕ್ರ ಕೈಯಿಂದಲೇ ತಿರುಗಿಸಿ, ಅದೂ ಹಿಂದಕ್ಕೆ. ಹಿಂದಕ್ಕೆ ತಿರುಗಿಸಿದರೆ ಕೆಳಗಿನ ಚೈನ್ ಹಿಂದಿನ ಸ್ಪ್ರಾಕೆಟ್ಟಿನಿಂದ ದೂರ ಹೋಗುತ್ತೆ, ನಿಮ್ಮ ಕೈಯನ್ನು ಒಳಗೆಳೆಯೋದಿಲ್ಲ.

ತೊಳೆಯೋದಕ್ಕೆ ಸೀಮೆಎಣ್ಣೆ ಒಳ್ಳೇದು, 100 ಮಿ.ಲೀ. ಸಾಕು. ಸೀಮೆಎಣ್ಣೆ ಸಿಗದಿದ್ದರೆ ಚೈನ್ ಕ್ಲೀನರ್ ಸ್ಪ್ರೇ. ಡೀಸೆಲ್ ನಡೆಯುತ್ತೆ, ಆಮೇಲೆ ಚೆನ್ನಾಗಿ ಒರೆಸಬೇಕು. ಪೆಟ್ರೋಲ್ ಬೇಡ, ಓ-ರಿಂಗ್ ಉಬ್ಬಿ ಬಿರಿಯುತ್ತೆ, ಜೊತೆಗೆ ಬೆಂಕಿ. ತಂತಿ ಬ್ರಶ್ ಕೂಡ ಬೇಡ. ಒಂದಿಂಚಿನ ಪೇಂಟ್ ಬ್ರಶ್ ಅಥವಾ ಹಳೇ ಹಲ್ಲುಜ್ಜೋ ಬ್ರಶ್ಶಿನಿಂದ ನಾಲ್ಕೂ ಮುಖ ಉಜ್ಜಿ, ಟೈರಿಗೆ ಹಾರದ ಹಾಗೆ ಹಿಂದೆ ರಟ್ಟು ಹಿಡಿದು. ಬನಿಯನ್ ಬಟ್ಟೆಯಲ್ಲಿ ಒರೆಸಿ, ಹತ್ತು ನಿಮಿಷ ಒಣಗಲು ಬಿಡಿ.

ವಾಟರ್ ಸರ್ವೀಸಿಗೆ ಬಿಟ್ಟಾಗ ಪ್ರೆಶರ್ ಗನ್ ಚೈನಿನ ಪಕ್ಕಕ್ಕೆ ಹತ್ತಿರದಿಂದ ಹೊಡೆಯಬೇಡಪ್ಪ ಅಂತ ಹುಡುಗನಿಗೆ ಹೇಳಿ. ಆ ರಭಸಕ್ಕೆ ನೀರು ಓ-ರಿಂಗ್ ದಾಟಿ ಒಳಗೆ ಹೋಗುತ್ತೆ, ಮತ್ತೆ ಹೊರಗೆ ಬರೋ ದಾರಿ ಇಲ್ಲ.

ಎಣ್ಣೆ ವಿಷಯದಲ್ಲಿ ಒಬ್ಬೊಬ್ಬರದು ಒಂದೊಂದು ವಾದ. ನನ್ನ ಪಕ್ಷ ಎಸ್‌ಎಇ 90 ಗೇರ್ ಆಯಿಲ್. ಒಂದು ಸಲಕ್ಕೆ 15 ಮಿ.ಲೀ. ಸಾಕು. 500 ಕಿ.ಮೀ.ಗೊಮ್ಮೆ ಹಾಕಿದರೂ ಒಂದು ಲೀಟರ್ ಡಬ್ಬ 60 ಸಲಕ್ಕೆ, ಅಂದರೆ 30,000 ಕಿ.ಮೀ. ಮೀರಿ ಬರುತ್ತೆ. ಚೈನ್ ಸ್ಪ್ರೇ ಕಮ್ಮಿ ಚಿಮ್ಮುತ್ತೆ, ಟೂರಿಗೆ ಅನುಕೂಲ. ಆದರೆ ಅಂಟು ಜಾತಿಯ ಸ್ಪ್ರೇ ಗದಗ, ಧಾರವಾಡ ಕಡೆಯ ಬೇಸಿಗೆ ದೂಳಿನಲ್ಲಿ ಉಜ್ಜುಕಾಗದದ ಹಾಗೆ ಆಗುತ್ತೆ. ಗ್ರೀಸ್ ಮೆತ್ತೋದು ಸುಮ್ಮನೆ ನೋಡೋಕೆ ಚೆಂದ: ಅದು ಪಿನ್ನಿನ ತನಕ ಇಳಿಯೋದಿಲ್ಲ, ಹೊರಗೆ ಕೂತು ಮಣ್ಣು ಹಿಡಿಯುತ್ತೆ. ಇಂಜಿನ್ನಿನಿಂದ ಇಳಿಸಿದ ಹಳೇ ಆಯಿಲ್ ಹಾಕೋ ಅಭ್ಯಾಸ ಊರೂರಲ್ಲಿದೆ. ಅದರಲ್ಲಿ ಸವೆದ ಲೋಹದ ಪುಡಿ, ಆಮ್ಲ ಎರಡೂ ಇರುತ್ತೆ. ಡಬ್ಲ್ಯೂಡಿ-40 ಒರೆಸೋದಕ್ಕೆ ಆದೀತು, ಅದನ್ನೇ ಚೈನ್ ಎಣ್ಣೆ ಅಂತ ನೆಚ್ಚಬಾರದು.

ಹಾಕೋ ಜಾಗ ಮುಖ್ಯ. ಮೆಡಿಕಲ್ ಶಾಪಿನ 10 ಮಿ.ಲೀ. ಸಿರಿಂಜ್, ಸೂಜಿ ತೆಗೆದದ್ದು, ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕೆಳಗಿನ ಚೈನಿನ ಒಳಮೈಗೆ, ಅಂದರೆ ಆಕಾಶ ನೋಡೋ ಮುಖಕ್ಕೆ ಹಾಕಬೇಕು. ಓಡುವಾಗ ಎಣ್ಣೆ ಹೊರಗೆ ಚಿಮ್ಮೋ ದಾರಿಯಲ್ಲೇ ಕೀಲುಗಳನ್ನು ಹಾದು ಹೋಗುತ್ತೆ. ಒಳಪಟ್ಟಿ ಹೊರಪಟ್ಟಿ ಸೇರೋ ಸಂದಿಗೆ ಎಡಸಾಲಿಗೊಂದು ಸುತ್ತು, ಬಲಸಾಲಿಗೊಂದು ಸುತ್ತು. ಓ-ರಿಂಗ್ ಇಲ್ಲದ ಚೈನಿನಲ್ಲಿ ಪಿನ್ನಿಗೆ ಎಣ್ಣೆ ಹೋಗೋ ಬಾಗಿಲು ಅದೊಂದೇ. ಓ-ರಿಂಗ್ ಚೈನಿನಲ್ಲಿ ಪಿನ್ನಿಗೆ ಕಾರ್ಖಾನೆಯಲ್ಲೇ ಗ್ರೀಸ್ ತುಂಬಿರುತ್ತೆ. ನೀವು ಹಾಕೋದು ರಿಂಗ್ ಒಣಗದಿರಲಿ, ರೋಲರ್ ತಿರುಗಲಿ, ತುಕ್ಕು ಹಿಡಿಯದಿರಲಿ ಅಂತ. 44 ಹಲ್ಲಿನ ಹಿಂದಿನ ಸ್ಪ್ರಾಕೆಟ್ ಇದ್ದರೆ 116 ಕೊಂಡಿಯ ಚೈನ್ ಒಂದು ಸುತ್ತು ಬರೋಕೆ ಚಕ್ರ 2.6 ಸಲ ತಿರುಗಬೇಕು. ಚಕ್ರ ಒಂದು ಸುತ್ತು ತಿರುಗಿಸಿ "ಆಯ್ತು" ಅನ್ನೋರು ಅರ್ಧಕ್ಕಿಂತ ಹೆಚ್ಚು ಚೈನ್ ಒಣಗಿಸಿಯೇ ಬಿಟ್ಟಿರ್ತಾರೆ. ಬಿಳಿ ಚುಕ್ಕೆ ಇಲ್ಲೂ ಉಪಯೋಗಕ್ಕೆ ಬರುತ್ತೆ.

ರಾತ್ರಿ ಗಾಡಿ ತಂದು ನಿಲ್ಲಿಸಿದಾಗ, ಚೈನ್ ಬೆಚ್ಚಗಿರುವಾಗಲೇ ಹಾಕಿ ಬೆಳಿಗ್ಗೆ ತನಕ ಬಿಡೋದು ಅತ್ಯುತ್ತಮ. ಬೆಳಿಗ್ಗೆ ಹೊರಗಿನ ಎಣ್ಣೆ ಒರೆಸಿಬಿಡಿ, ಟೈರಿಗೆ ಬಿದ್ದಿದ್ದರೆ ಸೋಪುನೀರಿನಲ್ಲಿ ಒರೆಸಿ. ತೆರೆದ ಚೈನಿಗೆ 500 ಕಿ.ಮೀ. ಲೆಕ್ಕ. ಆಗುಂಬೆ, ಚಾರ್ಮಾಡಿ ಮಳೆಯಲ್ಲಿ ನೆನೆದು ಬಂದರೆ ಕಿಲೋಮೀಟರ್ ನೋಡಬೇಡಿ, ಅವತ್ತೇ ಹಾಕಿ. ಕಾರವಾರ, ಉಡುಪಿ ಕಡೆ ಸಮುದ್ರದ ಉಪ್ಪುಗಾಳಿಗೆ ನಿಂತಲ್ಲೇ ತುಕ್ಕು ಹಿಡಿಯೋದರಿಂದ ಗಾಡಿ ಓಡಿಸದಿದ್ದರೂ ವಾರಕ್ಕೊಮ್ಮೆ ನೋಡಬೇಕು. ಸ್ಪ್ಲೆಂಡರ್‌ನಂಥ ಪೂರ್ತಿ ಮುಚ್ಚಿದ ಚೈನ್ ಕೇಸಿಗೆ 1000 ಕಿ.ಮೀ. ಸಾಕು, ರಬ್ಬರ್ ಮುಚ್ಚಳ ತೆಗೆದು ಅಲ್ಲಿಂದಲೇ ಹಾಕಬಹುದು. ಸ್ಟೈಲಿಗೆ ಅಂತ ಆ ಕೇಸ್ ಬಿಚ್ಚಿಸಿ ಎಸೆಯೋರು ಚೈನಿನ ಆಯಸ್ಸನ್ನೂ ಅದರ ಜೊತೆಗೇ ಎಸೀತಾರೆ.

ಕಿವಿ ಕೊಟ್ಟು ಕೇಳಿ

ಸದ್ದು ಎಷ್ಟು ಸಲ ಬರುತ್ತೆ ಅನ್ನೋದರಲ್ಲೇ ಅರ್ಧ ಉತ್ತರ ಇದೆ. ಗಾಡಿ ತಳ್ಳಿಕೊಂಡು ಹೋಗುವಾಗ ಚಕ್ರ ಒಂದು ಸುತ್ತಿಗೆ ಒಂದು ಸಲ "ಟಿಕ್" ಅಂದರೆ ಚಕ್ರದ ಕಡೆ ನೋಡಿ: ಬ್ರೇಕ್, ಬೇರಿಂಗ್, ಹಿಂದಿನ ಸ್ಪ್ರಾಕೆಟ್. ಎರಡೂವರೆ ಸುತ್ತಿಗೊಂದು ಸಲ ಅಂದರೆ ಚೈನಿನಲ್ಲೇ ಒಂದು ಕೊಂಡಿ ಬಿಗಿ ಹಿಡಿದಿದೆ. ಆ ಕೊಂಡಿ ಮುಂದಿನ ಸ್ಪ್ರಾಕೆಟ್ ಸುತ್ತಿ ಬಂದಮೇಲೂ ನೆಟ್ಟಗಾಗದೆ ಮಂಡಿ ಮಡಚಿದ ಹಾಗೆ ಉಳಿದಿರುತ್ತೆ, ಸಡಿಲ ಬಿಟ್ಟು ಚಕ್ರ ಹಿಂದಕ್ಕೆ ತಿರುಗಿಸಿದರೆ ಕಣ್ಣಿಗೇ ಬೀಳುತ್ತೆ. ಟಾರ್ಚ್ ಹಿಡಿದು ಹತ್ತಿರದಿಂದ ನೋಡಿ. ಪಟ್ಟಿಗಳ ನಡುವಿನ ಸಂದಿಯಲ್ಲಿ ಕೆಂಪು ಕಂದು ಪುಡಿ, ಒಣಗಿದ ಕುಂಕುಮದ ಹಾಗೆ, ಅಂಟಿಕೊಂಡಿದೆಯೇ? ಅದು ಹೊರಗಿನ ತುಕ್ಕಲ್ಲ. ಪಿನ್ನು ಬುಶ್ಶು ಎಣ್ಣೆಯಿಲ್ಲದೆ ಉಜ್ಜಿ ಹೊರಬಿದ್ದ ಪುಡಿ. ಓ-ರಿಂಗ್ ಇಲ್ಲದ ಚೈನಾದರೆ ಎಣ್ಣೆ ಬಿಟ್ಟು ಕೈಯಿಂದ ಹಿಂದೆ ಮುಂದೆ ಮಡಚಿ ಬಿಡಿಸಬಹುದು, ಒಂದೆರಡು ಕೊಂಡಿ ಇದ್ದರೆ ಬದುಕುತ್ತೆ. ಓ-ರಿಂಗ್ ಚೈನಿನಲ್ಲಿ ಆ ಪುಡಿ ಕಂಡರೆ ರಿಂಗ್ ಹರಿದಿದೆ, ಗ್ರೀಸ್ ಹೋಗಿದೆ, ಮೇಲಿಂದ ಏನು ಸುರಿದರೂ ಅಷ್ಟೇ.

ಕೆಂಪುಮಣ್ಣಿನ ಮಲೆನಾಡಿನಲ್ಲಿ ಮಾತ್ರ ಒಂದು ಎಚ್ಚರಿಕೆ: ರಸ್ತೆಯ ಮಣ್ಣೂ ಅದೇ ಬಣ್ಣ. ತೊಳೆದು, ಎಣ್ಣೆ ಹಾಕಿ, 200 ಕಿ.ಮೀ. ಓಡಿಸಿ ನೋಡಿ. ಅದೇ ಕೊಂಡಿಯಲ್ಲಿ ಮತ್ತೆ ಪುಡಿ ಬಂದರೆ ಚೈನಿನದು.

ಆಕ್ಸಿಲರೇಟರ್ ಬಿಟ್ಟು ಮತ್ತೆ ಕೊಟ್ಟಾಗ "ಟಕ್" ಅಂತ ಹೊಡೆದರೆ ಚೈನಿನ ಮೇಲೆ ಅನುಮಾನ ಪಡೋರೇ ಎಲ್ಲ. ಮೊದಲು ಹಬ್ ರಬ್ಬರ್ (ಚಕ್ರಕ್ಕೂ ಸ್ಪ್ರಾಕೆಟ್ಟಿಗೂ ನಡುವೆ ಹೊಡೆತ ತಡೆಯೋದು) ನೋಡಿ. ಮೊದಲನೇ ಗೇರಿನಲ್ಲಿಟ್ಟು ಚಕ್ರ ಹಿಂದೆ ಮುಂದೆ ಆಡಿಸಿದಾಗ ಸ್ಪ್ರಾಕೆಟ್ ನಿಂತಲ್ಲೇ ನಿಂತು ಚಕ್ರ ಮಾತ್ರ ಸಲೀಸಾಗಿ ಆಡಿದರೆ ರಬ್ಬರ್ ಪುಡಿಯಾಗಿದೆ. ಅದು ಅಗ್ಗದ ಸಾಮಾನು. ಸ್ಪ್ರಾಕೆಟ್ ಪಕ್ಕಕ್ಕೆ ಅಲ್ಲಾಡಿದರೆ ಅದರ ಬೇರಿಂಗ್. ವೇಗ ಹೆಚ್ಚಿದ ಹಾಗೆ ಏರೋ "ಊ" ಅನ್ನೋ ಸ್ವರ ಬಿಗಿ ಚೈನಿನದು, "ಗರಗರ" ಒಣ ಚೈನಿನದು, ಹೈ ಗೇರಿನಲ್ಲಿ ನಿಧಾನ ಹೋಗುವಾಗ "ಪಟಪಟ" ಸಡಿಲ ಚೈನಿನದು.

ಹೊಸದು ಹಾಕುವಾಗ

ಮೂರೂ ಒಟ್ಟಿಗೆ: ಚೈನ್, ಮುಂದಿನ ಸ್ಪ್ರಾಕೆಟ್, ಹಿಂದಿನ ಸ್ಪ್ರಾಕೆಟ್. ಹಳೇ ಹಲ್ಲು ಹಳೇ ಚೈನಿನ ಉದ್ದಕ್ಕೆ ತಕ್ಕ ಹಾಗೆ ಸವೆದಿರುತ್ತೆ, ಹೊಸ ಚೈನನ್ನು ಕೆಲವೇ ಸಾವಿರ ಕಿಲೋಮೀಟರಿನಲ್ಲಿ ತನ್ನ ದಾರಿಗೆ ಎಳೆಯುತ್ತೆ. ನಮ್ಮ ಕಡೆ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗೋದು ಕೊಯಮತ್ತೂರಿನ ಎಲ್‌ಜಿಬಿಯವರ ರೋಲಾನ್, ಚೆನ್ನೈನ ಟಿಐ ಡೈಮಂಡ್. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಎರಡೂ ಸಿಗುತ್ತವೆ, ಎರಡರ ನಕಲಿಯೂ ಕಣ್ಣಿಗೆ ಬೀಳಬಹುದು, ಬಿಲ್ ಕೇಳಿ. ಪ್ಯಾಕ್ ಒಡೆದು ಕೊಂಡಿ ಎಣಿಸಿ, ಹಲ್ಲು ಎಣಿಸಿ, ಹಳೆಯದರ ಪಕ್ಕ ಇಟ್ಟು ಹಬ್ಬಿನ ತೂತುಗಳು ಕೂಡುತ್ತವೆಯೇ ನೋಡಿಯೇ ಹಳೇದನ್ನು ಬಿಚ್ಚಿಸಿ.

ಮುಂದಿನ ಹಲ್ಲು ಒಂದು ಹೆಚ್ಚಿಸಿದರೆ ಮೈಲೇಜ್ ಬರುತ್ತೆ ಅನ್ನೋ ಮಾತಿಗೆ ಬಿದ್ದು ಅಳತೆ ಬದಲಿಸಬೇಡಿ. ಘಾಟಿಯಲ್ಲಿ ಗೇರ್ ಇಳಿಸಿ ಇಳಿಸಿ ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತೆ.

ಚೈನ್ ಲಾಕ್, ಅಂದರೆ ಚೈನಿನ ಎರಡು ತುದಿ ಸೇರಿಸೋ ಕೊಂಡಿ, ಹಾಕುವಾಗ ಕ್ಲಿಪ್ಪಿನ ದಿಕ್ಕು ನೋಡಿಕೊಳ್ಳಿ. ಮುಚ್ಚಿದ ದುಂಡು ತುದಿ ಚೈನ್ ಓಡೋ ದಿಕ್ಕಿಗೆ, ಸೀಳಿದ ಬಾಯಿ ಹಿಂದಕ್ಕೆ. ಮೇಲಿನ ಸಾಲಿನಲ್ಲಿ ಚೈನ್ ಮುಂದಕ್ಕೆ ಓಡುತ್ತೆ, ಕೆಳಗಿನ ಸಾಲಿನಲ್ಲಿ ಹಿಂದಕ್ಕೆ. ಕೆಳಗಿನ ಸಾಲಿನಲ್ಲಿ ಹಾಕೋವಾಗಲೇ ಈ ತಪ್ಪು ಆಗೋದು. ಕ್ಲಿಪ್ ಎರಡೂ ಪಿನ್ನಿನ ಕಚ್ಚಿನೊಳಗೆ ಪೂರ್ತಿ ಕೂತಿದೆಯೇ ಅಂತ ಉಗುರಿನಿಂದ ಒತ್ತಿ ನೋಡಿ. ಒಮ್ಮೆ ಬಿಚ್ಚಿದ ಕ್ಲಿಪ್ ಮತ್ತೆ ಹಾಕಬೇಡಿ. ಓ-ರಿಂಗ್ ಚೈನಾದರೆ ಲಾಕಿನ ಜೊತೆ ನಾಲ್ಕು ರಿಂಗ್, ಒಂದು ಪೊಟ್ಟಣ ಗ್ರೀಸ್ ಬರುತ್ತೆ. ಒಂದು ರಿಂಗ್ ಕಮ್ಮಿ ಹಾಕಿದರೂ ಆ ಕೀಲು ಮೊದಲು ಹೋಗುತ್ತೆ. ಡ್ಯೂಕ್ 390ರಂಥ ಜೋರಿನ ಗಾಡಿಗೆ ಕ್ಲಿಪ್ ಬೇಡ, ಪಿನ್ ತುದಿ ಅರಳಿಸೋ ರಿವೆಟ್ ಲಾಕ್ ಹಾಕಿಸಿ, ಸುತ್ತಿಗೆಯಿಂದ ಬಡಿಯದೆ ಅದಕ್ಕಂತಲೇ ಇರೋ ಟೂಲಿನಲ್ಲಿ.

ಹೊಸ ಚೈನ್ ಮೊದಲ 500 ಕಿ.ಮೀ.ನಲ್ಲಿ ಕೂತುಕೊಳ್ಳುತ್ತೆ, ಒಮ್ಮೆ ಕಾಲು ಸುತ್ತೋ ಅರ್ಧ ಸುತ್ತೋ ಕೇಳುತ್ತೆ. ಅದು ಸಹಜ. ನಂತರ ತಿಂಗಳುಗಟ್ಟಲೆ ಸುಮ್ಮನಿರಬೇಕು. ಆಕ್ಸೆಲ್ ಗೆರೆಯ ಫೋಟೊ ತೆಗೆಯೋದು ಈ ಮೊದಲ ಟೈಟ್ ಆದಮೇಲೆ. ಜೊತೆಗೆ ಅದೇ ಅಳತೆಯ ಒಂದು ಚೈನ್ ಲಾಕ್ ಕೊಂಡು, ಎಣ್ಣೆ ಸವರಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೀಟಿನಡಿಯ ಟೂಲ್ ಕಿಟ್ಟಿನಲ್ಲಿ ಹಾಕಿಡಿ.